ತುಟಿಯ ಮೇಲೆ ಎಲ್ಲ ಒಂದೇ

ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗಿನಲ್ಲಿ ಇಪ್ಪತ್ತಾರು ವರ್ಷ
ಹಲ್ಲರ್ ಮಿಷನ್ನಿನ ಪಕ್ಕ ಕೂತ ಕಿವಿಗಳು ಇವು.
ಮೊದಲು ಹೋದದ್ದು ಗುಬ್ಬಿ.
ಆಮೇಲೆ ಕುಕ್ಕರಿನ ಸೀಟಿ.
ಆಮೇಲೆ ಬಾಗಿಲಾಚೆಯಿಂದ ನನ್ನ ಹೆಸರು.
ಯಾವುದೂ ಹೋಗಿಬರುತ್ತೇನೆ ಅಂತ ಹೇಳಿ ಹೋಗಲಿಲ್ಲ.

ಕಾಳು ಆರಿಸುವ ಮೇಜಿಗೆ ಎದುರುಬದುರು
ನಾನು, ಜೈತುನ್‌ಬಿ.
ಅವಳು ದಿನವಿಡೀ ಹಾಡುವವಳು.
ಆ ಗದ್ದಲದಲ್ಲಿ ಕಿವುಡಿಗೂ ಕಿವಿಯಿದ್ದವಳಿಗೂ ಸಮಪಾಲು,
ತುಟಿ ನೋಡಬೇಕು, ತಲೆ ತೂಗಬೇಕು.
ಕಪ್ಪು ಕಾಳು ಎತ್ತಿ ಹಾಕಿದ್ದೇ ತಾಳ.
ನಾನು ಓದಿಕೊಂಡ ಹಾಡು ಇಷ್ಟು:

ಮಳೆ ಬಂತು, ಮಳೆ ಬಂತು, ಅಮ್ಮಾ ನೋಡೇ.

ಮೊದಮೊದಲು ಎದ್ದು ಓಡಿ ಕಣ ನೋಡುತ್ತಿದ್ದೆ,
ಹರವಿದ ಕಾಫಿಗೆ ಟಾರ್ಪಾಲು ಹೊದಿಸಲು.
ನೆತ್ತಿ ಸುಡುವ ಬಿಸಿಲು.
ಮೇಸ್ತ್ರಿ ನಾಗೋಜಪ್ಪ ಬೈದದ್ದನ್ನೂ ತುಟಿಯಲ್ಲೇ ಓದಿಕೊಂಡೆ.
ಅದನ್ನು ಇಲ್ಲಿ ಬರೆಯಲಾರೆ.

ಈಗ ಕಿವಿಯ ಹಿಂದೆ ಒಂದೊಂದು
ಬೂದುಬಣ್ಣದ ಗೋಡಂಬಿ.
ಐ.ಜಿ. ರಸ್ತೆಯ ಮಹಡಿಯ ಮೇಲೆ ಕೂರಿಸಿಕೊಂಡು ಆ ಹುಡುಗ ಹೇಳಿದ:
"ಇದು ಮಾತಿಗೆ ಅಂತ ಮಾಡಿದ್ದಮ್ಮ.
ಹಾಡಿಗಾದರೆ ಗುಂಡಿ ಎರಡು ಸಲ ಒತ್ತಿ.
ಮೊದಲ ತಿಂಗಳು ಎಲ್ಲಾ ತಗಡು. ಅವಸರ ಬೇಡ."

ತಗಡೇ. ತಟ್ಟೆ ಇಟ್ಟರೆ ಸಿಡಿಲು.
ನನ್ನ ದನಿ ಕೊಡದೊಳಗೆ ಬಿದ್ದವಳ ದನಿ.
ರೇಡಿಯೋದ ಪಿಟೀಲು ಗರಗಸ,
ಎಂಥ ಹಾಡುಗಾರನಿಗೂ ನೆಗಡಿ.
ಕೊಳಲು ಮೇಲಕ್ಕೆ ಹತ್ತುತ್ತಾ ಹತ್ತುತ್ತಾ
ಕೊನೆಯ ಮೆಟ್ಟಿಲಲ್ಲಿ ಮಾಯ.
ಇಳಿದು ಬರುವವರೆಗೆ ನಾನು ಕೆಳಗೇ ಕಾದಿರುತ್ತಿದ್ದೆ,
ಮಹಡಿ ಹತ್ತಲಾರದ ನೆಂಟಳ ಹಾಗೆ.
ಮೊದಲು ಮನೆಗೆ ಬಂದದ್ದು ತಬಲಾ,
ಎಡಗೈ ಒತ್ತಿ ಎಳೆಯುವ ಆ ಗುಂ.
ಅವತ್ತು ಸಾರು ಸೀದದ್ದು ಗೊತ್ತಾಗಲಿಲ್ಲ.

ಭಾನುವಾರ ಉಪ್ಪಳ್ಳಿಗೆ ಹೋದೆ.
ಜೈತುನ್‌ಬಿ ಮಂಡಿನೋವಿಗೆ ಕೆಲಸ ಬಿಟ್ಟು ಎರಡು ವರ್ಷ.
"ಹಾಡೇ" ಅಂದೆ.
"ಯಾವುದು?"
"ಅದೇ, ಮಳೆಯದು."
"ಯಾವ ಮಳೆ?"
ಫ್ಯಾನು ಆರಿಸಿದಳು. ಮೊಮ್ಮಗನನ್ನು ಹೊರಗಟ್ಟಿದಳು.
ಗುಂಡಿ ಎರಡು ಸಲ ಒತ್ತಿದೆ.

ಬಳೆ ಬಂತು, ಬಳೆ ಬಂತು, ಅಮ್ಮಾ ನೋಡೇ.

ಬಳೆ!
ಬಳೆಗೆ ಹೆದರಿ ಟಾರ್ಪಾಲು ಹುಡುಕಿದ್ದೆ ನಾನು.
ಮ, ಬ, ಪ, ತುಟಿಗೆ ಮೂರೂ ಒಂದೇ,
ಮುಚ್ಚಿ ತೆರೆಯುವ ಬಾಗಿಲು.
ಒಳಗಿಂದ ಯಾರು ಬಂದರೆಂದು ಬಾಗಿಲು ಹೇಳುವುದಿಲ್ಲ.

ಇನ್ನೊಂದು ಮಾತು, ಅವಳಿಗೆ ಹೇಳಿಲ್ಲ:
ಶ್ರುತಿ ಇರಲಿಲ್ಲ.
"ನೋಡೇ" ಅನ್ನುವಲ್ಲಿ ಸ್ವರ ಜಾರಿ
ಪಕ್ಕದ ಮನೆಗೆ ಹೋಗುತ್ತಿತ್ತು.
ತಪ್ಪು ಮಿಷನ್ನಿನದೋ, ಅವಳದೋ,
ಇಷ್ಟು ವರ್ಷ ನಾನೇ ಅವಳಿಗೆ ಕೊಟ್ಟಿದ್ದ ಗಂಟಲಿನದೋ?
ಬಲು ಇಂಪಾದ ಗಂಟಲು ಅದು. ಯಾರದೋ, ಗೊತ್ತಿಲ್ಲ.
ಇನ್ನೊಂದು ಸಲ ಅಂದೆ. ಇನ್ನೊಂದು ಸಲ.
ಸಾಲುಗಳ ನಡುವೆ ಅವಳು ಉಸಿರೆಳೆದುಕೊಳ್ಳುವ ಸದ್ದು,
ತುಟಿ ಅದನ್ನು ಎಂದೂ ತೋರಿಸಿರಲಿಲ್ಲ.
ಐದನೇ ಸಲಕ್ಕೆ
ಆ ಜಾರುವ ಜಾಗಕ್ಕೇ ಕಾಯತೊಡಗಿದ್ದೆ.

ಹೊರಡುವಾಗ ತಬ್ಬಿಕೊಂಡಳು.
ಎಡಗಿವಿ ಕುಂಯ್ ಎಂದಿತು.
"ಯಾ ಅಲ್ಲಾ, ನಿನ್ನ ಕಿವೀನೂ ಹಾಡ್ತದಾ ಕೆಂಚಕ್ಕಾ!"
ನಿನಗಿಂತ ಶ್ರುತಿಯಲ್ಲಿ, ಅನ್ನಬೇಕೆನ್ನಿಸಿತು.
ಅನ್ನಲಿಲ್ಲ.

ಬಸ್‌ಸ್ಟಾಪಿನಲ್ಲಿ ದಪ್ಪ ಹನಿ, ನಾಲ್ಕೋ ಐದೋ.
ನೀರು ತಾಗಬಾರದು.
ಎರಡನ್ನೂ ತೆಗೆದು ಡಬ್ಬಿಗೆ ಹಾಕಿ
ಸೆರಗಿನ ತುದಿಗೆ ಗಂಟು ಹಾಕಿಕೊಂಡೆ.
ರಸ್ತೆಯೆಲ್ಲ ಮತ್ತೆ ಬರೀ ತುಟಿ.
ಎದುರಂಗಡಿಯವನು ಹೊರಗೆ ಕಟ್ಟಿದ್ದ ಚೀಲ ಎಳೆದುಕೊಳ್ಳುತ್ತಾ
ಒಳಗಿದ್ದವಳಿಗೆ ಏನೋ ಕೂಗಿದ,
ತುಟಿ ಮುಚ್ಚಿ ತೆರೆಯಿತು.
ಮಳೆ ಬಂತು ಅಂದಿರಬೇಕು.
ನನಗೆ ಹೇಗೆ ಓದಿದರೂ ಬಳೆ.